ಅಜ್ಜಿ ಎತ್ತಿಕೊಂಡರೆ ಥೆರಪಿ ಕೆಟ್ಟಿತೇ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಹಾಸನದ ಕಡೆಯವಳು. ಮದುವೆಯಾಗಿ ಕ್ಯಾಲಿಫೋರ್ನಿಯಾದ ಸಲಿನಾಸ್‌ಗೆ ಬಂದು ಮೂರು ವರ್ಷವಾಯಿತು. ಆರ್‌ಬಿಟಿ (ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್) ಪರೀಕ್ಷೆ ಪಾಸು ಮಾಡಿಕೊಂಡು ಎಂಟು ತಿಂಗಳಿಂದ ಆಟಿಸಂ ಇರುವ ಮಕ್ಕಳ ಮನೆಗೆ ಹೋಗಿ ಎಬಿಎ (ನಡವಳಿಕೆಯನ್ನು ಗಮನಿಸಿ, ತಿದ್ದಿ ಕಲಿಸುವ) ಥೆರಪಿ ಮಾಡುತ್ತಿದ್ದೇನೆ. ಈಗ ಹೋಗುತ್ತಿರುವುದು ಮೆಕ್ಸಿಕೊ ಮೂಲದ ಒಂದು ಮನೆಗೆ, ಐದು ವರ್ಷದ ಹುಡುಗ. ಅವನು ಅತ್ತ ತಕ್ಷಣ ಅಜ್ಜಿ ಬಂದು ‘ಪೊಬ್ರೆಸಿತೊ’ ಅಂತ ಎತ್ತಿಕೊಂಡುಬಿಡುತ್ತಾರೆ. ಅತ್ತಾಗ ಗಮನ ಕೊಡಬಾರದು ಎಂದು ನಮ್ಮ ಪ್ಲ್ಯಾನ್‌ನಲ್ಲಿದೆ. ತಾಯಿ ನಾನು ಹೇಳಿದ್ದಕ್ಕೆಲ್ಲ ‘ಸಿ, ಸಿ’ ಅನ್ನುತ್ತಾರೆ, ಆದರೆ ಡೇಟಾ ಶೀಟ್ ಒಂದು ದಿನವೂ ತುಂಬಿಲ್ಲ. ನನಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಹನ್ನೊಂದು ವರ್ಷದ ಅಕ್ಕ ಅನುವಾದ ಮಾಡಿ ಹೇಳುತ್ತಾಳೆ. ಪ್ರತಿ ಸಲವೂ ಊಟಕ್ಕೆ ಒತ್ತಾಯ ಮಾಡುತ್ತಾರೆ, ತಗೊಳ್ಳಬೇಡ ಅಂತ ಸೂಪರ್‌ವೈಸರ್ ಹೇಳಿದ್ದಾರೆ. ಹೋದ ತಿಂಗಳು ಲ್ಯಾಟಿನೊ ಸಾಂಸ್ಕೃತಿಕ ಮೌಲ್ಯಗಳ ಬಗ್ಗೆ ಎರಡು ಗಂಟೆಯ ತರಬೇತಿ ಕೊಟ್ಟರು: ಫಮಿಲಿಸ್ಮೊ, ರೆಸ್ಪೆತೊ, ಹೀಗೆ ಪದಗಳ ಪಟ್ಟಿ. ಅದನ್ನಿಟ್ಟುಕೊಂಡು ಈ ಮನೆಯಲ್ಲಿ ಏನು ಮಾಡಲಿ? ಇವರ ಸಂಸ್ಕೃತಿಗೂ ನಮ್ಮ ಥೆರಪಿಗೂ ಹೊಂದುವುದೇ ಇಲ್ಲವೇನೋ ಅನಿಸುತ್ತಿದೆ.

ಉತ್ತರ: ಹದಿನಾರು ವರ್ಷದಿಂದ ನಿಮ್ಮ ಸಲಿನಾಸ್ ಕಡೆಯ ಇದೇ ಕಣಿವೆಯಲ್ಲಿ ಈ ಕೆಲಸ ಮಾಡುತ್ತಿದ್ದೇನೆ. ಮೊದಮೊದಲು ನನಗೂ ಹಾಗೇ ಅನಿಸಿತ್ತು. ಮೊದಲು ಆ ಪದಗಳ ಪಟ್ಟಿಯನ್ನೇ ತೆಗೆದುಕೊಳ್ಳೋಣ.

ನಿಮಗೆ ಹೇಳಿಕೊಟ್ಟ ಪದಗಳು ಸುಳ್ಳಲ್ಲ. ಫಮಿಲಿಸ್ಮೊ ಎಂದರೆ ಒಬ್ಬೊಬ್ಬರ ಅನುಕೂಲಕ್ಕಿಂತ ಮನೆಯವರೆಲ್ಲರ ಒಳಿತು ದೊಡ್ಡದೆಂಬ ಭಾವ. ಆ ಮನೆಯೊಳಗೆ ಅಜ್ಜಿ, ಚಿಕ್ಕಪ್ಪ, ನಾಮಕರಣಕ್ಕೆ ನಿಂತ ಕೊಮಾದ್ರೆ ಎಲ್ಲರೂ ಸೇರುತ್ತಾರೆ. ರೆಸ್ಪೆತೊ ಎಂದರೆ ವಯಸ್ಸಿಗೆ, ಸ್ಥಾನಕ್ಕೆ ಸಲ್ಲಬೇಕಾದ ಮರ್ಯಾದೆ. ಸಂಸ್ಥೆಯ ಹೆಸರು ನೋಡಿ ನಂಬದೆ ಎದುರು ಕೂತ ಮನುಷ್ಯರನ್ನು ನೋಡಿ ನಂಬುವುದು ಪೆರ್ಸೊನಾಲಿಸ್ಮೊ. ಮುಖಕ್ಕೆ ಹೊಡೆದಂತೆ ‘ಇಲ್ಲ’ ಅನ್ನದೆ ಮಾತನ್ನು ಸಿಹಿಯಾಗಿಟ್ಟುಕೊಳ್ಳುವುದು ಸಿಂಪತೀಯಾ. ಇವೆಲ್ಲ ಕೂಡಿ ತಿಂಗಳುಗಟ್ಟಲೆ ಕಾಲ ತೆಗೆದುಕೊಂಡು ಬೆಳೆಯುವ ನಂಬಿಕೆಗೆ ಕೊನ್ಫಿಯಾನ್ಸಾ ಅನ್ನುತ್ತಾರೆ. ಮನಶ್ಶಾಸ್ತ್ರಜ್ಞರು ಈ ಪದಗಳನ್ನು ದಶಕಗಳಿಂದ ಬಳಸುತ್ತಿದ್ದಾರೆ.

ತೊಂದರೆ ಬರುವುದು ಪದವನ್ನೇ ಕಾರಣ ಮಾಡಿಕೊಂಡಾಗ. ಅಜ್ಜಿ ಮಗುವನ್ನು ಯಾಕೆ ಎತ್ತಿಕೊಂಡರು? ಅವರಲ್ಲಿ ಫಮಿಲಿಸ್ಮೊ ಹೆಚ್ಚು. ಹೆಚ್ಚು ಅಂತ ಹೇಗೆ ಗೊತ್ತಾಯಿತು? ಮಗುವನ್ನು ಎತ್ತಿಕೊಂಡರಲ್ಲ! ಇದು ಗಾಣದೆತ್ತಿನ ಸುತ್ತು. ‘ಹಟಮಾರಿ, ಅದಕ್ಕೇ ಹಟ ಮಾಡುತ್ತಾನೆ’ ಎಂದು ಮಗುವಿನ ಬಗ್ಗೆ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಹಟಕ್ಕೆ ಮುಂಚೆ ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು ಎಂದು ಕೇಳುತ್ತೇವೆ. ಎಬಿಎಯ ಜೀವ ಇರುವುದೇ ಆ ಪ್ರಶ್ನೆಯಲ್ಲಿ. ಅದನ್ನು ಮಗುವಿನ ಬಗ್ಗೆ ಮಾತ್ರ ಕೇಳಿ, ಅಜ್ಜಿಯ ಬಗ್ಗೆ ಕೇಳದೆ ‘ಅವರ ಸಂಸ್ಕೃತಿ ಹಾಗೆ’ ಎಂದು ಸುಮ್ಮನಾದರೆ ನಮ್ಮ ವಿದ್ಯೆಯನ್ನು ಅರ್ಧಕ್ಕೇ ನಿಲ್ಲಿಸಿದಂತೆ.

ಇದು ನನಗೆ ಗೊತ್ತಾದದ್ದು ವಾಟ್ಸನ್‌ವಿಲ್‌ನ ಒಂದು ಮನೆಯಲ್ಲಿ. ನಿಮ್ಮದೇ ಪರಿಸ್ಥಿತಿ: ನಾಲ್ಕು ವರ್ಷದ ಹುಡುಗ, ಜೋರು ಅಳು, ಮೂರನೇ ಕಿರುಚಾಟಕ್ಕೆ ಅಜ್ಜಿ ಹಾಜರ್. ಆರು ವಾರ ಗ್ರಾಫ್ ಮೇಲೇರುತ್ತಲೇ ಹೋಯಿತು. ವರದಿಯಲ್ಲಿ ‘ಕುಟುಂಬದವರು ಪ್ಲ್ಯಾನ್ ಪಾಲಿಸುತ್ತಿಲ್ಲ’ ಎಂದು ಬರೆದೆ. ಆ ವಾಕ್ಯ ಬರೆದದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ. ಏಳನೇ ವಾರ ಅನುವಾದಕಿಯೊಬ್ಬರನ್ನು ಕರೆದುಕೊಂಡು ಹೋಗಿ, ಮೊದಲ ಸಲ ಅಜ್ಜಿಯನ್ನೇ ಕೇಳಿದೆ: ‘ಸೆನ್ಯೋರಾ, ಅವನು ಅತ್ತಾಗ ನಿಮಗೆ ಮೊದಲು ಏನು ಅನಿಸುತ್ತದೆ?’ ಅವರು ಮಾತಾಡಲಿಲ್ಲ. ಎದ್ದು ಹೋಗಿ ಹಾಲ್‌ನ ಮೂಲೆಯ ಹೂವಿನ ಪರದೆಯನ್ನು ಎರಡು ಬೆರಳಷ್ಟು ಸರಿಸಿದರು. ಹಿಂದೆ ಹಾಸಿಗೆಯ ಮೇಲೆ ಮಗುವಿನ ಚಿಕ್ಕಪ್ಪ ಮಲಗಿದ್ದ. ಮಣ್ಣು ಮೆತ್ತಿದ ಬೂಟುಗಳು ಪಕ್ಕದಲ್ಲಿ ಪೇಪರ್ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಸ್ಟ್ರಾಬೆರಿ ಹೊಲಕ್ಕೆ ಹೋದವನು ಎರಡೂವರೆಗೆ ಬಂದು ಮಲಗುತ್ತಿದ್ದ. ನಮ್ಮ ಸೆಷನ್ ಮೂರಕ್ಕೆ. ಅಜ್ಜಿ ಮೊಮ್ಮಗನನ್ನು ಎತ್ತಿಕೊಳ್ಳುತ್ತಿದ್ದದ್ದು ದುಡಿದು ಬಂದ ಮಗನ ನಿದ್ದೆ ಕೆಡದಿರಲಿ ಎಂದು.

ಬೇಕಾದರೆ ಅದನ್ನು ಫಮಿಲಿಸ್ಮೊ ಎನ್ನಿ. ಆದರೆ ಆ ಪದ ನನಗೆ ಪರದೆಯ ಹಿಂದಿನ ಹಾಸಿಗೆಯನ್ನು ತೋರಿಸಿರಲಿಲ್ಲ. ಸೆಷನ್ನನ್ನು ಸಂಜೆ ಐದಕ್ಕೆ ಸರಿಸಿದೆವು. ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಉಳಿದ ಅರ್ಧದ ಕಥೆ ನಿಮ್ಮ ಮನೆಗೂ ಹೊಂದಬಹುದು. ‘ಅತ್ತಾಗ ಗಮನ ಕೊಡಬೇಡಿ’ ಎಂಬ ಪ್ಲ್ಯಾನ್ ತಾಯಿ, ತಂದೆ, ಮಗು ಮೂವರೇ ಇರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಏಳು ಜನರಿರುವ ಮನೆಯಲ್ಲಿ ಐದು ಜನ ಸುಮ್ಮನಿದ್ದು ಒಬ್ಬರು ಒಮ್ಮೊಮ್ಮೆ ಎತ್ತಿಕೊಂಡರೆ ಏನಾಗುತ್ತದೆ ಎಂದು ನಿಮ್ಮ ನಲವತ್ತು ಗಂಟೆಯ ಆರ್‌ಬಿಟಿ ತರಬೇತಿಯಲ್ಲೇ ಕಲಿತಿದ್ದೀರಿ. ಯಾವಾಗಲೋ ಒಮ್ಮೆ ಸಿಗುವ ಪ್ರತಿಫಲ ಆ ನಡವಳಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಅಂದರೆ ಆ ಮನೆಗೆ ಆ ಪ್ಲ್ಯಾನ್ ತಾಂತ್ರಿಕವಾಗಿಯೇ ತಪ್ಪು. ಅಜ್ಜಿಯ ಮೇಲೆ ತಪ್ಪು ಹೊರಿಸಬೇಕಾದದ್ದೇ ಇಲ್ಲ.

ನಾವು ಮಾಡಿದ್ದು ಇಷ್ಟು. ಮಗುವಿಗೆ ಬೇಕಾಗಿದ್ದದ್ದು ಅಜ್ಜಿಯ ತೋಳು. ಅದನ್ನು ಕಿತ್ತುಕೊಳ್ಳುವುದರ ಬದಲು, ಅದನ್ನು ಕೇಳುವ ಬೇರೆ ದಾರಿ ಕಲಿಸಿದೆವು: ಅಜ್ಜಿಯ ಸೆರಗಂಚು ಮುಟ್ಟಿ (ಅವರು ಯಾವಾಗಲೂ ತೊಡುತ್ತಿದ್ದ ಏಪ್ರನ್‌ನ ಅಂಚನ್ನು ನಾನು ಹಾಗೆ ಕರೆಯುತ್ತಿದ್ದೆ) ‘ಅಬ್ರಾಸೊ’ ಅನ್ನುವುದು. ಅಪ್ಪುಗೆ ಎಂದರ್ಥ. ಮೊದಲ ದಿನಗಳಲ್ಲಿ ಬರೀ ‘ಆಬ್’ ಅಂದರೂ ಸಾಕಿತ್ತು. ಅಂದ ಕೂಡಲೇ, ಒಂದು ಕ್ಷಣವೂ ತಡಮಾಡದೆ ಅಜ್ಜಿ ಎತ್ತಿಕೊಳ್ಳಬೇಕು. ಅಜ್ಜಿಗೆ ಕೊಟ್ಟ ಕೆಲಸ ಅವರು ಮೊದಲಿನಿಂದ ಮಾಡುತ್ತಿದ್ದ ಕೆಲಸವೇ. ಬದಲಾದದ್ದು ಗಳಿಗೆ ಮಾತ್ರ: ಅಳುವಿಗೆ ಕಾಯದೆ ಮಾತಿಗೆ ಎತ್ತಿಕೊಳ್ಳುವುದು. ಸಂವಹನ ಕಲಿಸಿ ತೊಂದರೆಯ ನಡವಳಿಕೆ ಇಳಿಸುವ ಈ ವಿಧಾನವನ್ನು ಕಾರ್ ಮತ್ತು ಡ್ಯುರಂಡ್ ಎಂಬ ಸಂಶೋಧಕರು 1985ರಲ್ಲೇ ತೋರಿಸಿಕೊಟ್ಟಿದ್ದರು. ನಾನು ಹೊಸದೇನೂ ಕಂಡುಹಿಡಿಯಲಿಲ್ಲ, ಆ ವಿಧಾನದೊಳಗೆ ಅಜ್ಜಿಗೆ ಜಾಗ ಮಾಡಿಕೊಟ್ಟೆ, ಅಷ್ಟೆ. ‘ಪೊಬ್ರೆಸಿತೊ’ ಎಂಬ ಮಾತಿನಲ್ಲಿರುವುದು ನಮ್ಮ ‘ಪಾಪ, ಕೂಸು’ ಎಂಬುದರಲ್ಲಿರುವ ಅಂತಃಕರಣವೇ. ಅದನ್ನು ಪ್ಲ್ಯಾನ್‌ನ ಶತ್ರು ಮಾಡಿಕೊಂಡು ಗೆದ್ದವರನ್ನು ನಾನು ನೋಡಿಲ್ಲ.

ಈಗ ತಾಯಿಯ ‘ಸಿ, ಸಿ’. ನಮ್ಮೂರಿನಲ್ಲಿ ಡಾಕ್ಟರ ಮುಂದೆ ಕೂತ ಹೆಂಗಸರು ‘ಆಯ್ತು ಸಾರ್, ಆಯ್ತು’ ಅನ್ನುವುದನ್ನು ನೆನಪಿಸಿಕೊಳ್ಳಿ. ‘ಕೇಳಿಸಿತು, ನಿಮ್ಮ ಮೇಲೆ ಗೌರವವಿದೆ’ ಎಂಬಷ್ಟೇ ಅದರ ಅರ್ಥವಿರಬಹುದು. ‘ಮಾಡುತ್ತೇನೆ’ ಎಂದಾಗಬೇಕಿಲ್ಲ. ಹೌದು-ಇಲ್ಲ ಪ್ರಶ್ನೆ ಕೇಳಿದರೆ ಹೌದೇ ಸಿಗುತ್ತದೆ. ಆದ್ದರಿಂದ ‘ಇದು ಮಾಡಬಹುದಾ?’ ಎಂದು ಕೇಳಬೇಡಿ. ‘ಈ ಎರಡರಲ್ಲಿ ಯಾವುದು ನಿಮಗೆ ಸುಲಭ?’ ಎಂದೋ, ‘ಬೇರೆ ತಾಯಂದಿರು ಇದರಲ್ಲಿ ಈ ಭಾಗ ಕಷ್ಟ ಅಂದರು, ನಿಮಗೆ ಯಾವ ಭಾಗ ಕಷ್ಟ?’ ಎಂದೋ ಕೇಳಿದರೆ ಮರ್ಯಾದೆಗೆ ಕುಂದಿಲ್ಲದೆ ‘ಇಲ್ಲ’ ಅನ್ನಲು ಅವರಿಗೆ ಬಾಗಿಲು ತೆರೆದಂತೆ. ಉತ್ತರ ಬಂದಾಗ ಮುಖ ಸಣ್ಣ ಮಾಡಿಕೊಳ್ಳಬೇಡಿ. ‘ಇಲ್ಲ’ ಎಂದದ್ದಕ್ಕೆ ಅವರಿಗೆ ಸಿಗುವ ಪ್ರತಿಫಲ ನಿಮ್ಮ ಮುಖ.

ಡೇಟಾ ಶೀಟ್ ವಿಷಯಕ್ಕೆ ಬಂದರೆ, ಆ ತಾಯಿ ದಿನಕ್ಕೆ ಎಷ್ಟು ಹೊತ್ತು ನಿಂತು ದುಡಿಯುತ್ತಾರೆ ಎಂದು ಕೇಳಿದ್ದೀರಾ? ಆ ಹಾಳೆ ಇಂಗ್ಲಿಷಿನಲ್ಲಿದೆಯೇ? ಒಬ್ಬ ತಾಯಿಯೊಡನೆ ನಾವು ಪೆನ್ನು ಕಾಗದ ಬಿಟ್ಟು ಫ್ರಿಜ್ ಮೇಲೆ ಎರಡು ಲೋಟ ಇಟ್ಟೆವು. ಒಂದರಲ್ಲಿ ಒಣ ಪಿಂಟೊ ಕಾಳು. ಮಗ ಮಾತಿನಲ್ಲಿ ಕೇಳಿದಾಗಲೆಲ್ಲ ಒಂದು ಕಾಳು ಈ ಲೋಟದಿಂದ ಆ ಲೋಟಕ್ಕೆ. ಸಂಜೆ ನಮ್ಮ ಟೆಕ್ನಿಷಿಯನ್ ಎಣಿಸಿ ಬರೆದುಕೊಳ್ಳುತ್ತಿದ್ದಳು. ನಾಲ್ಕು ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. (ಸಿಕ್ಕಿದ್ದನ್ನು ಬಾಯಿಗೆ, ಮೂಗಿಗೆ ಹಾಕುವ ಮಗುವಾದರೆ ಲೋಟ ಕೈಗೆಟುಕದಷ್ಟು ಎತ್ತರದಲ್ಲಿರಲಿ.)

ಹನ್ನೊಂದು ವರ್ಷದ ಹುಡುಗಿಯನ್ನು ಅನುವಾದಕ್ಕೆ ಕೂರಿಸುವುದನ್ನು ಮಾತ್ರ ಈ ವಾರವೇ ನಿಲ್ಲಿಸಬೇಕು. ಸರ್ಕಾರದ ಹಣ ಪಡೆಯುವ ಆರೋಗ್ಯ ಸೇವೆಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ಅನುವಾದಕರನ್ನಾಗಿ ಬಳಸುವಂತಿಲ್ಲ ಎಂದು ಅಮೆರಿಕದ ಅಫೋರ್ಡಬಲ್ ಕೇರ್ ಕಾಯ್ದೆಯ 1557ನೇ ಸೆಕ್ಷನ್‌ನ ನಿಯಮ ಹೇಳುತ್ತದೆ. ಕಾನೂನು ಪಕ್ಕಕ್ಕಿರಲಿ. ತಮ್ಮನ ಬಗ್ಗೆ ‘ಇವನು ಇದನ್ನು ಮಾಡಲಾರ’ ಎಂಬ ಮಾತನ್ನು ತನ್ನ ಬಾಯಿಂದ ತಾಯಿಗೆ ಹೇಳಬೇಕಾದ ಹುಡುಗಿ ಅದು. ಎಷ್ಟನ್ನು ನುಂಗಿಕೊಂಡು ಎಷ್ಟನ್ನು ಹೇಳುತ್ತಿದ್ದಾಳೋ ನಮಗೆ ಗೊತ್ತಾಗುವುದಿಲ್ಲ. ಅನುವಾದಕರನ್ನು ಒದಗಿಸಿ ಎಂದು ನಿಮ್ಮ ಸಂಸ್ಥೆಗೆ ಇಮೇಲ್‌ನಲ್ಲಿ ಕೇಳಿ, ಬಾಯಿಮಾತಿನಲ್ಲಿ ಬೇಡ.

ಹಾಗೇ ಇನ್ನೊಂದು ಪ್ರಶ್ನೆ: ಆ ಮನೆಯ ಭಾಷೆ ಸ್ಪ್ಯಾನಿಷ್ಷೇ ಹೌದಾ? ನಮ್ಮ ಕಣಿವೆಯಲ್ಲಿ ಮೆಕ್ಸಿಕೊದ ಒಹಾಕಾ ರಾಜ್ಯದಿಂದ ಬಂದ ಮಿಶ್ತೆಕೊ, ತ್ರಿಕಿ ಜನ ಬಹಳ. ಅವರ ಭಾಷೆಗಳಿಗೂ ಸ್ಪ್ಯಾನಿಷ್‌ಗೂ ನಂಟೇ ಇಲ್ಲ. ಕರ್ನಾಟಕದವರು ಎಂದ ಮಾತ್ರಕ್ಕೆ ಮನೆಮಾತು ಕನ್ನಡವೇ ಇರಬೇಕೆಂದಿಲ್ಲ ಎಂದು ತುಳು, ಕೊಂಕಣಿ, ಕೊಡವ ಮನೆಗಳನ್ನು ಕಂಡ ನಿಮಗೆ ಹೇಳಬೇಕಾಗಿಲ್ಲ. ಆ ತಾಯಿಯ ‘ಸಿ, ಸಿ’ ಆಕೆಗೆ ಬರುವ ಸ್ಪ್ಯಾನಿಷ್‌ನಲ್ಲಿ ಅರ್ಧ ಪಾಲೇ ಇರಬಹುದು.

ಮಗುವಿನೊಡನೆ ಇಂಗ್ಲಿಷ್ ಮಾತ್ರ ಮಾತಾಡಿ ಎಂದು ಯಾರಾದರೂ ಆ ತಾಯಿಗೆ ಹೇಳಿದ್ದರೆ ಅದನ್ನೂ ಸೂಪರ್‌ವೈಸರ್ ಗಮನಕ್ಕೆ ತನ್ನಿ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಯಲ್ಲಿ ಆಧಾರವಿಲ್ಲ. ಬದಲಿಗೆ, 2011ರಲ್ಲಿ ಪ್ರಕಟವಾದ, ಸ್ಪ್ಯಾನಿಷ್ ಮನೆಮಾತಿನ ಒಂದು ಮಗುವಿನ ಅಧ್ಯಯನದಲ್ಲಿ, ಅದೇ ಪಾಠವನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಸರಿ ಉತ್ತರ ಹೆಚ್ಚಿ ರಂಪ ಕಡಿಮೆಯಾಯಿತು. ಒಂದೇ ಮಗುವಿನ ಫಲಿತಾಂಶವನ್ನು ಎಲ್ಲರಿಗೂ ಹಿಗ್ಗಿಸಲಾಗದು ನಿಜ. ಆದರೆ ಅಜ್ಜಿಯ ಭಾಷೆ ಕಳೆದುಕೊಂಡ ಮಗು ಮನೆಯೊಳಗೆ ಯಾರೊಡನೆ ಮಾತಾಡಬೇಕು?

ಭಾಷೆಯ ಮಾತು ಬಂದಾಗ ಒಂದು ಸಣ್ಣ ಸಂಗತಿ ಹೇಳಲೇಬೇಕು. ನಾವು ಮಕ್ಕಳಿಗೆ ಮೊಟ್ಟಮೊದಲು ಕಲಿಸುವುದು ಬೇಕಾದ್ದನ್ನು ಕೇಳುವುದನ್ನು. ಇಂಗ್ಲಿಷಿನ ‘ಗಿವ್ ಮಿ’ಯನ್ನು ಸ್ಪ್ಯಾನಿಷ್‌ಗೆ ತಿರುಗಿಸಿ ‘ದಾಮೆ’ ಎಂದು ಕಲಿಸುವ ಪ್ರೋಗ್ರಾಂಗಳನ್ನು ನಾನು ಎಷ್ಟೋ ನೋಡಿದ್ದೇನೆ. ‘ದಾಮೆ’ ಎಂದರೆ ‘ಕೊಡು’. ತಮ್ಮನಿಗೆ ಸರಿ. ಅಜ್ಜಿಗೆ ಏಕವಚನದಲ್ಲಿ ‘ಕೊಡು’ ಅನ್ನುವ ಮಗುವನ್ನು ನಾವು ಥೆರಪಿ ಮಾಡಿ ತಯಾರು ಮಾಡಿದಂತಾಯಿತು! ‘ಮೆ ದಾ, ಪೊರ್ ಫವೋರ್’ ಎಂದು ಕಲಿಸಿದರೆ ಅದು ‘ಕೊಡ್ತೀರಾ’ ಆಗುತ್ತದೆ. ಎರಡಕ್ಕೂ ಮಗುವಿಗೆ ಬೇಕಾಗುವ ಶ್ರಮದಲ್ಲಿ ಅಂಥ ಅಂತರವಿಲ್ಲ. ನೀನು, ನೀವು ಎರಡೂ ಇರುವ ಕನ್ನಡದಿಂದ ಬಂದ ನಿಮಗೆ ಇದು ಥಟ್ಟನೆ ಹೊಳೆಯುತ್ತದೆ. ನಿಮ್ಮ ಸೂಪರ್‌ವೈಸರ್ ಇಂಗ್ಲಿಷೊಂದನ್ನೇ ಬಲ್ಲವರಾದರೆ ಅವರಿಗೆ ಹೊಳೆಯದಿರಬಹುದು. ನೀವು ಹೇಳಿ. ಆದರೆ ಮನೆಯವರನ್ನು ಕೇಳದೆ ‘ಉಸ್ತೆದ್’ (ನೀವು) ರೂಪವನ್ನೂ ಹೇರಬೇಡಿ. ಕೊಲಂಬಿಯಾದ ಬೊಗೊತಾ ಕಡೆ ಗಂಡ ಹೆಂಡತಿಯೂ ಉಸ್ತೆದ್ ಎಂದುಕೊಳ್ಳುವುದುಂಟು. ಎಲ್ ಸಾಲ್ವದೋರ್‌ನವರು ಆಪ್ತರಿಗೆ ‘ವೊಸ್’ (ನೀನು) ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜಿಗೆ ‘ತು’ (ನೀನು) ಎಂದೇ ಅನ್ನುತ್ತಾರೆ, ಅಜ್ಜಿಗೆ ಅದೇ ಪ್ರೀತಿ.

ಗುರಿಗಳನ್ನೇ ಮತ್ತೆ ನೋಡಬೇಕಾದ ಜಾಗ ಇದು. ಬೇರ್, ವುಲ್ಫ್, ರಿಸ್ಲಿ ಎಂಬ ಮೂವರು ಸಂಶೋಧಕರು 1968ರಲ್ಲಿ ಎಬಿಎಯ ಲಕ್ಷಣಗಳನ್ನು ಬರೆದಾಗ, ಬದಲಿಸಲು ಆರಿಸುವ ನಡವಳಿಕೆ ಆ ಮನುಷ್ಯನಿಗೆ, ಅವನ ಸಮಾಜಕ್ಕೆ ಮುಖ್ಯವಾದದ್ದಾಗಿರಬೇಕು ಎಂಬುದನ್ನು ಮೊದಲಿಟ್ಟರು. ಹತ್ತು ವರ್ಷದ ನಂತರ, 1978ರಲ್ಲಿ, ಮಾಂಟ್ರೋಸ್ ವುಲ್ಫ್ ಅದಕ್ಕೆ ಮೂರು ಪ್ರಶ್ನೆ ಕಟ್ಟಿಕೊಟ್ಟರು: ಗುರಿ ಆ ಜನರಿಗೆ ಬೇಕಾದದ್ದೇ? ವಿಧಾನ ಅವರಿಗೆ ಒಪ್ಪಿಗೆಯೇ? ಬಂದ ಫಲದಿಂದ ಅವರಿಗೆ ಸಂತೋಷವೇ? ಲ್ಯಾಟಿನೊ ಮೌಲ್ಯಗಳ ತರಬೇತಿ ಹುಟ್ಟುವುದಕ್ಕೆ ಎಷ್ಟೋ ಮುಂಚೆ ನಮ್ಮ ಶಾಸ್ತ್ರವೇ ಕೇಳಿಕೊಂಡಿದ್ದ ಪ್ರಶ್ನೆಗಳಿವು. ‘ಅವರ ಸಂಸ್ಕೃತಿಗೂ ನಮ್ಮ ಥೆರಪಿಗೂ ಹೊಂದುವುದಿಲ್ಲ’ ಎಂಬ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಈ ಮೂರು ಪ್ರಶ್ನೆ ಕೇಳದ ಥೆರಪಿ ಯಾರ ಸಂಸ್ಕೃತಿಗೂ ಹೊಂದುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಅಳತೆಪಟ್ಟಿಯಲ್ಲಿ ಇತ್ತೆಂದು ‘ಫೋರ್ಕ್ ಹಿಡಿದು ಸ್ವತಂತ್ರವಾಗಿ ಊಟ ಮಾಡುವುದು’ ಎಂಬ ಗುರಿಯನ್ನು ಒಂದು ಮಗುವಿಗೆ ಇಟ್ಟಿದ್ದೆವು. ಒಂದು ಸಂಜೆ ಆ ಮನೆಯ ಮೇಜಿನ ಪಕ್ಕ ನಿಂತು ನೋಡಿದೆ. ಅಪ್ಪ ಬಿಸಿ ತೋರ್ತಿಯಾದ ತುಂಡು ಹರಿದು, ಎರಡು ಬೆರಳಿನಿಂದ ದೋಣಿಯಂತೆ ಮಡಚಿ, ಫ್ರಿಹೋಲೆಸ್ ಕಾಳನ್ನು ಬಾಚಿ ಬಾಯಿಗಿಡುತ್ತಿದ್ದ. ಅಕ್ಕ ಹಾಗೇ. ಅಜ್ಜ ಹಾಗೇ. ನಮ್ಮ ಹುಡುಗ ಒಬ್ಬನೇ ಪ್ಲಾಸ್ಟಿಕ್ ಫೋರ್ಕ್ ಹಿಡಿದು ಕಾಳಿನ ಹಿಂದೆ ಅಟ್ಟಾಡುತ್ತಿದ್ದ. ರೊಟ್ಟಿ ಮುರಿದು ಪಲ್ಯ ಎತ್ತುವ ಊರಿನಿಂದ ಬಂದ ನಾನು ಇದನ್ನು ಮೊದಲ ದಿನವೇ ಕಾಣಬೇಕಿತ್ತು. ತೋರ್ತಿಯಾ ಹರಿಯುವುದು, ಮಡಚುವುದು, ಬಾಚುವುದು ಎಂದು ಗುರಿ ಬದಲಿಸಿದೆವು. ಅಪ್ಪ, ಅಜ್ಜ, ಅಕ್ಕ ಮೂವರೂ ಕಲಿಸಲು ತಾವಾಗಿ ಮುಂದೆ ಬಂದರು. ಮೂರು ವಾರ ಸಾಕಾಯಿತು. ಶಾಲೆಯ ಕ್ಯಾಂಟೀನಿಗೆ ಬೇಕಾಗುತ್ತದೆಂದು ಫೋರ್ಕ್ ಕಲಿಸಿದ್ದು ಆಮೇಲೆ, ತಾಯಿಯೇ ಕೇಳಿದ ಮೇಲೆ.

ಕಣ್ಣಿಗೆ ಕಣ್ಣಿಟ್ಟು ನೋಡುವ ಗುರಿಯೂ ಹೀಗೇ. ಬೈಯುವಾಗ ಹಿರಿಯರ ಕಣ್ಣನ್ನೇ ದಿಟ್ಟಿಸಿದರೆ ಕೆಲವು ಮನೆಗಳಲ್ಲಿ ಅದು ಎದುರುತ್ತರ ಕೊಟ್ಟಂತೆ. ಅದಕ್ಕಿಂತ ಮುಂಚೆ, ಆಟಿಸಂ ಇರುವ ಎಷ್ಟೋ ದೊಡ್ಡವರು ‘ಅದು ನಮಗೆ ಹಿಂಸೆ’ ಎಂದು ಹೇಳಿಕೊಂಡಿದ್ದಾರೆ. ಆ ಗುರಿಯನ್ನು ನಾನು ಬರೆಯುವುದನ್ನು ಬಿಟ್ಟು ವರ್ಷಗಳಾದವು.

ಹಾಗಾದರೆ ಮನೆಯವರು ಏನು ಕೇಳುತ್ತಾರೆ? ಬಹಳ ಸಲ ಕೇಳುವುದು ‘ಸಲುದಾರ್’: ಮನೆಗೆ ಬಂದವರಿಗೆ, ಹೋದ ಮನೆಯಲ್ಲಿರುವ ಒಬ್ಬೊಬ್ಬರಿಗೂ ವಂದನೆ ಹೇಳುವುದು. ‘ಬ್ಯೆನ್ ಎದುಕಾದೊ’ ಎಂಬ ಮಾತಿದೆ. ಅಕ್ಷರಶಃ ನೋಡಿದರೆ ಚೆನ್ನಾಗಿ ಕಲಿತವನು ಎಂದಾಗುತ್ತದೆ, ಆದರೆ ಅವರು ಅನ್ನುವುದು ಸಂಸ್ಕಾರವಂತ ಎಂಬರ್ಥದಲ್ಲಿ. ಓದು ಬರಹದ ಲೆಕ್ಕ ಅದರಲ್ಲಿಲ್ಲ. ಬಣ್ಣಗಳ ಹೆಸರು ಹೇಳಲು ಬಾರದಿದ್ದರೂ ಪರವಾಗಿಲ್ಲ, ಭಾನುವಾರ ಎಲ್ಲರೂ ಸೇರಿದಾಗ ಅಜ್ಜಿಯ ಕೆನ್ನೆಗೆ ಕೆನ್ನೆ ತಾಗಿಸಲಿ ಎಂದು ಒಬ್ಬ ತಾಯಿ ನನ್ನ ಕೈ ಹಿಡಿದು ಕೇಳಿದ್ದರು. ಮುಖ ಮುಟ್ಟಿದರೆ ಬೆಚ್ಚುತ್ತಿದ್ದ ಮಗು ಅದು. ನಾವು ಕೆನ್ನೆಯ ಬದಲು ಅಂಗೈ ಕಲಿಸಿದೆವು: ಒಬ್ಬೊಬ್ಬರ ಅಂಗೈಗೆ ತನ್ನ ಅಂಗೈ ತಾಗಿಸಿ ಹೋಗುವುದು. ಮಗುವಿನ ಒಪ್ಪಿಗೆಯೂ ಉಳಿಯಿತು, ಅಜ್ಜಿಯ ಮರ್ಯಾದೆಯೂ ಉಳಿಯಿತು. ಮನೆಯವರು ಕೇಳಿದರು ಎಂದ ಮಾತ್ರಕ್ಕೆ ಮಗುವಿಗೆ ನೋವಾಗುವುದನ್ನು ಮಾಡಿಸಲಾಗದು. ಸಂಸ್ಕೃತಿಗೆ ಗೌರವ ಎಂಬ ಹೆಸರಿನಲ್ಲಿ ಇದನ್ನು ಮರೆಯುವವರೂ ಇದ್ದಾರೆ.

ಊಟದ ಪ್ರಶ್ನೆಗೆ ನೇರ ಉತ್ತರ. ನಮ್ಮ ಪ್ರಮಾಣಪತ್ರ ಮಂಡಳಿಯಾದ ಬಿಎಸಿಬಿಯ ಹಳೆಯ ನೀತಿಸಂಹಿತೆ ಉಡುಗೊರೆಯನ್ನು ಪೂರ್ತಿ ನಿಷೇಧಿಸಿತ್ತು. 2022ರ ಜನವರಿ 1ರಿಂದ ಜಾರಿಯಾದ ಹೊಸ ಸಂಹಿತೆ, ಅಪರೂಪಕ್ಕೆ 10 ಡಾಲರ್ ಮೀರದ ಉಡುಗೊರೆಗೆ ಅವಕಾಶ ಕೊಟ್ಟಿದೆ. ಅದು ಪದೇಪದೇ ಬರುವ ಸಂಪಾದನೆಯಂತಾಗಬಾರದು. ಆರ್‌ಬಿಟಿಗಳಿಗೂ ಇದೇ ಮಿತಿ. ಅಂದರೆ ಕ್ರಿಸ್ಮಸ್ ಹೊತ್ತಿಗೆ ಒಂದು ತಮಾಲ್ (ಮೆಕ್ಕೆಜೋಳದ ಹಿಟ್ಟಿನ ಕಡುಬು) ತಿಂದರೆ ಸಂಹಿತೆ ಮುರಿದಂತಲ್ಲ, ದಿನಾ ರಾತ್ರಿ ಊಟ ಕಟ್ಟಿಸಿಕೊಂಡು ಬಂದರೆ ಮುರಿದಂತೆ. ನಿಮ್ಮ ಸಂಸ್ಥೆಯ ನಿಯಮ ಇದಕ್ಕಿಂತ ಬಿಗಿಯಿದ್ದರೆ ಅದನ್ನು ಪಾಲಿಸಬೇಕು. ಆದರೆ ಬಾಗಿಲಲ್ಲಿ ನಿಂತು ‘ಪಾಲಿಸಿ ಪ್ರಕಾರ ಆಗುವುದಿಲ್ಲ’ ಅನ್ನಬೇಡಿ. ಅಡುಗೆಮನೆಯವರೆಗೆ ಹೋಗಿ, ಏನು ಬೇಯುತ್ತಿದೆ ಎಂದು ಕೇಳಿ, ಘಮ ಹೊಗಳಿ, ಒಂದು ಲೋಟ ನೀರು ಕೇಳಿ ಇಸಿದುಕೊಂಡು ಕುಡಿಯಿರಿ. ಏನನ್ನೋ ಕೊಟ್ಟ ತೃಪ್ತಿ ಅವರಿಗಾಗುತ್ತದೆ. ನೀವು ಸಸ್ಯಾಹಾರಿಯಾದರೆ ಅದನ್ನು ಮೊದಲ ವಾರವೇ ಹೇಳಿಬಿಡಿ. ತಮಾಲ್ ಹಿಟ್ಟಿಗೂ ಕಾಳಿಗೂ ಹಂದಿಕೊಬ್ಬು ಹಾಕುವ ಮನೆಗಳು ಬಹಳ. ತಡವಾಗಿ ಹೇಳಿದರೆ ಇಷ್ಟು ದಿನ ನಿಮಗೆ ಇಷ್ಟವಿಲ್ಲದ್ದನ್ನು ಕೊಟ್ಟೆವಲ್ಲ ಎಂದು ಅವರೇ ನೊಂದುಕೊಳ್ಳುತ್ತಾರೆ.

ಮಗುವಿನ ಕೈಯಲ್ಲಿ ಕೆಂಪು ದಾರಕ್ಕೆ ಕಟ್ಟಿದ ಕಂದು ಬೀಜವೊಂದನ್ನು ನೀವು ಕಾಣಬಹುದು. ‘ಓಹೊ ದೆ ವೆನಾದೊ’, ಜಿಂಕೆಕಣ್ಣು, ನಮ್ಮ ನಸುಗುನ್ನಿ ಜಾತಿಯ ಬಳ್ಳಿಯ ಬೀಜ. ಕೆಟ್ಟ ದೃಷ್ಟಿ ತಾಗದಿರಲಿ ಎಂದು ಕಟ್ಟುತ್ತಾರೆ. ಸೆಷನ್‌ಗೆ ಅಡ್ಡಿ ಎಂದು ಕೇಳದೆ ಬಿಚ್ಚಿಟ್ಟ ಟೆಕ್ನಿಷಿಯನ್‌ಗೆ ಆ ಮನೆಯ ಬಾಗಿಲು ಮತ್ತೆ ತೆರೆಯಲಿಲ್ಲ. ಮಗುವಿನ ಕೆನ್ನೆಯ ದೃಷ್ಟಿಬೊಟ್ಟನ್ನು ಯಾರಾದರೂ ಟಿಶ್ಯೂನಲ್ಲಿ ಒರೆಸಿದರೆ ನಮ್ಮ ತಾಯಂದಿರಿಗೆ ಹೇಗಾಗುತ್ತದೆ? ಮಗು ಅದನ್ನು ಕಚ್ಚಿ ನುಂಗುವ ಅಪಾಯವಿದ್ದರೆ, ಅಂಗಿಯ ಒಳಗೆ ಪಿನ್ನು ಹಾಕಬಹುದೇ ಎಂದು ತಾಯಿಯನ್ನೇ ಕೇಳಿ.

ತಂದೆಯ ಬಗ್ಗೆ ನೀವು ಏನೂ ಬರೆದಿಲ್ಲ. ‘ಮಚಿಸ್ಮೊ’ (ಗಂಡಸಿನ ದರ್ಪ) ಎಂಬ ಪದ ಕೇಳಿ ಅವರನ್ನು ಬದಿಗಿಟ್ಟಿದ್ದರೆ, 2008ರಲ್ಲಿ ಆರ್ಸಿನಿಯೆಗಾ ಮತ್ತು ಸಂಗಡಿಗರು ಅದರ ಇನ್ನೊಂದು ಮುಖವನ್ನೂ ಅಳೆದು ತೋರಿಸಿದ್ದಾರೆ ಎಂದು ತಿಳಿದಿರಲಿ: ಕಬಯೆರಿಸ್ಮೊ, ಮನೆಯವರನ್ನು ಕಾಯುವ, ಮಮತೆ ತೋರುವ ಗಂಡಸುತನ. ಒಂದು ಸಂಜೆಯ ಸೆಷನ್ ಅವರು ಮನೆಯಲ್ಲಿರುವ ಹೊತ್ತಿಗೆ ಇಟ್ಟು ನೋಡಿ.

ಶಿಸ್ತಿನ ವಿಷಯದಲ್ಲಿ ಸಾನ್ ದಿಯೆಗೊದಲ್ಲಿ ನಡೆದ ಒಂದು ಕೆಲಸ ನನಗೆ ಬಹಳ ಇಷ್ಟ. ಕ್ರಿಸ್ಟನ್ ಮೆಕೇಬ್ ಮತ್ತು ಸಂಗಡಿಗರು ಒಂದು ಪೋಷಕರ ತರಬೇತಿಯನ್ನು ಮೆಕ್ಸಿಕನ್ ಅಮೆರಿಕನ್ ಕುಟುಂಬಗಳಿಗಾಗಿ ಒಗ್ಗಿಸಿ ‘ಗಿಯಾಂದೊ ಆ ನಿನ್ಯೊಸ್ ಅಕ್ತಿವೊಸ್’ ಎಂದು ಹೆಸರಿಟ್ಟರು. ಚುರುಕು ಮಕ್ಕಳಿಗೆ ದಾರಿ ತೋರುವುದು ಎಂದರ್ಥ. ಟೈಮ್-ಔಟ್ ಕುರ್ಚಿಯನ್ನು (ಹೇಳಿದ್ದು ಕೇಳದ ಮಗುವನ್ನು ಸ್ವಲ್ಪ ಹೊತ್ತು ಕೂರಿಸುವ ಕುರ್ಚಿ), ಗಟ್ಟಿ ಶಿಕ್ಷೆ ಬೇಕು ಎನ್ನುವ ಪೋಷಕರಿಗೆ ಶಿಕ್ಷೆಯ ಕುರ್ಚಿ ಎಂದೂ, ಶಿಕ್ಷೆ ಎಂದರೆ ಹಿಂಜರಿಯುವವರಿಗೆ ಯೋಚನೆಯ ಕುರ್ಚಿ ಎಂದೂ ಪರಿಚಯಿಸಿದರು. ಕುರ್ಚಿ ಅದೇ, ವಿಧಾನ ಅದೇ. ಯಾರಿಗೆ ಯಾವ ಹೆಸರು ಎಂದು ನಿರ್ಧರಿಸಿದ್ದು ಅವರನ್ನು ಕೇಳಿದ ಮೇಲೆ. ಎಲ್ಲ ಲ್ಯಾಟಿನೊಗಳಿಗೂ ಒಂದೇ ಹೆಸರು ಇಡಲಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ.

ಯಾಕೆಂದರೆ ಲ್ಯಾಟಿನೊ ಎಂಬುದೇ ಒಂದು ವಿಶಾಲ ಛತ್ರಿ. 2020ರ ಜನಗಣತಿಯಲ್ಲಿ ಅಮೆರಿಕದಲ್ಲಿ 6.21 ಕೋಟಿ ಜನ ತಮ್ಮನ್ನು ಹಿಸ್ಪಾನಿಕ್ ಅಥವಾ ಲ್ಯಾಟಿನೊ ಎಂದು ಬರೆಸಿದ್ದಾರೆ. ನಮ್ಮ ಇಡೀ ಕರ್ನಾಟಕದ ಜನಸಂಖ್ಯೆಯ ಹತ್ತಿರದ ಸಂಖ್ಯೆ ಅದು. ಕರ್ನಾಟಕದವರೆಲ್ಲ ಹೀಗೇ ಎಂದು ಎರಡು ಗಂಟೆಯಲ್ಲಿ ಯಾರಾದರೂ ಹೇಳಿಕೊಟ್ಟರೆ ನಾವು ಒಪ್ಪುತ್ತೇವೆಯೇ? ಸ್ಪ್ಯಾನಿಷ್ ಬಾರದ ಮೂರನೇ ತಲೆಮಾರಿನ ಲಾಸ್ ಏಂಜಲೀಸ್ ವಕೀಲೆಯೂ ಅದರಲ್ಲಿದ್ದಾರೆ, ಹೋದ ವರ್ಷ ಒಹಾಕಾದಿಂದ ಬಂದ ತ್ರಿಕಿ ತಾಯಿಯೂ ಇದ್ದಾರೆ.

ಇಲ್ಲೇ ಕನ್ನಡಿಗರಾದ ನಮಗೊಂದು ಎಚ್ಚರಿಕೆಯೂ ಬೇಕು. ಅಜ್ಜಿ, ಊಟದ ಒತ್ತಾಯ, ದೃಷ್ಟಿ, ಬಹುವಚನ ಎಲ್ಲವೂ ನಮ್ಮಂತೆಯೇ ಕಾಣುವುದರಿಂದ ‘ಇವರು ನಮ್ಮವರೇ’ ಎಂಬ ಸಲಿಗೆ ಬಹಳ ಬೇಗ ಬರುತ್ತದೆ. ನನಗೂ ಬಂದಿತ್ತು. ಆದರೆ ನಾನು ಬಂದದ್ದು ವೀಸಾ ಹಿಡಿದು, ವಿಮಾನದಲ್ಲಿ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಬಾಗಿಲು ತಟ್ಟುವ ಅಪರಿಚಿತೆ ಆ ಮನೆಗೆ ಏನಾಗಿ ಕಾಣುತ್ತಾಳೆ ಎಂದು ನನಗೆ ಹೊಳೆದದ್ದು, ಒಮ್ಮೆ ನಾನು ಬಾಗಿಲು ತಟ್ಟಿದಾಗ ಒಳಗಿನ ಟಿವಿ ಸದ್ದು ಥಟ್ಟನೆ ನಿಂತು ಐದು ನಿಮಿಷ ಯಾರೂ ಉಸಿರೆತ್ತದಿದ್ದಾಗ. ಕಾಗದಪತ್ರವಿಲ್ಲದವರು ಒಬ್ಬರಾದರೂ ಇರುವ ಮನೆಗಳು ಇಲ್ಲಿ ಸಾಕಷ್ಟಿವೆ. ವಲಸೆಯ ಸ್ಥಿತಿಯ ಬಗ್ಗೆ ಕೇಳಬೇಡಿ. ಅವರಾಗಿ ಹೇಳಿದರೂ ಸೆಷನ್ ನೋಟ್ಸ್‌ನಲ್ಲಿ ಬರೆಯಬೇಡಿ, ಥೆರಪಿಗೆ ಅದು ಬೇಕಿಲ್ಲ. ಹೊರಡುವ ಮುನ್ನ ಫೋನ್ ಮಾಡಿ, ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಹೇಳಿ. ಸೆಷನ್ ತಪ್ಪಿಸುತ್ತಾರೆ ಎಂದು ದೂರುವ ಮುಂಚೆ ಆ ವಾರ ಊರಿನಲ್ಲಿ ಏನು ಸುದ್ದಿ ಓಡಾಡುತ್ತಿತ್ತು ಎಂದು ಯೋಚಿಸಿ.

ಈ ಅಂಜಿಕೆಗೂ ಮಗುವಿನ ವಯಸ್ಸಿಗೂ ಸಂಬಂಧವಿದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲಿ ಪ್ರಕಟಿಸಿದ 2020ರ ಲೆಕ್ಕದ ಪ್ರಕಾರ ಎಂಟು ವರ್ಷದ 36 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ. ಲ್ಯಾಟಿನೊ ಮಕ್ಕಳಲ್ಲಿ ಅದರ ಪ್ರಮಾಣ ಬಿಳಿಯರ ಮಕ್ಕಳಿಗಿಂತ ಹೆಚ್ಚು ಕಂಡದ್ದು ಆ ವರದಿಯಲ್ಲೇ. ಅದಕ್ಕೆ ಹಿಂದೆ ಎಷ್ಟೋ ವರ್ಷ ಕಡಿಮೆ ಕಾಣುತ್ತಿತ್ತು. ಮಕ್ಕಳು ಆಗಲೂ ಇದ್ದರು, ಅವರನ್ನು ಗುರುತಿಸಿ ಸೇವೆಗೆ ಸೇರಿಸುವ ದಾರಿಗಳು ಅವರ ಮನೆಯವರೆಗೆ ಹೋಗುತ್ತಿರಲಿಲ್ಲ. ನಿಮ್ಮ ಹುಡುಗ ಐದು ವರ್ಷಕ್ಕೆ ಥೆರಪಿಗೆ ಬಂದಿದ್ದಾನೆ ಎಂದರೆ ಆ ತಾಯಿ ಎಷ್ಟು ಬಾಗಿಲು ತಟ್ಟಿರಬಹುದು ಎಂದು ಒಮ್ಮೆ ಕೇಳಿ ನೋಡಿ. ಅದೇ ದಾರಿಯಲ್ಲಿ ನಡೆದ ಇನ್ನೊಬ್ಬ ತಾಯಿಯ ಮಾತು ನಮ್ಮ ಹತ್ತು ಮಾತಿಗಿಂತ ಬೇಗ ನಾಟುತ್ತದೆ. ಸ್ಯಾಂಡಿ ಮಗಾನ್ಯಾ ಅವರು ರೂಪಿಸಿದ ಕಾರ್ಯಕ್ರಮವೊಂದರಲ್ಲಿ ತರಬೇತಿ ಪಡೆದ ಲ್ಯಾಟಿನೊ ತಾಯಂದಿರೇ ‘ಪ್ರೊಮೊತೋರಾ’ಗಳಾಗಿ ಬೇರೆ ತಾಯಂದಿರಿಗೆ ಆಟಿಸಂ ಬಗ್ಗೆ ಕಲಿಸುತ್ತಾರೆ. ಲಾಸ್ ಏಂಜಲೀಸ್ ಕಡೆ 1978ರಲ್ಲಿ ಆರಂಭವಾದ ಫಿಯೆಸ್ತಾ ಎದುಕಾತಿವಾ ಇಂಥ ಕುಟುಂಬಗಳನ್ನೇ ಒಂದುಗೂಡಿಸುವ ಸಂಸ್ಥೆ. ಬೆಳವಣಿಗೆಯ ತೊಂದರೆಯಿರುವವರಿಗೆ ಸೇವೆ ಒದಗಿಸುವ, ನಿಮ್ಮ ಹತ್ತಿರದ ರೀಜನಲ್ ಸೆಂಟರ್‌ನಲ್ಲಿ ಸ್ಪ್ಯಾನಿಷ್ ಮಾತಾಡುವ ಪೋಷಕರ ಗುಂಪು ಇದೆಯೇ ಎಂದು ವಿಚಾರಿಸಿ.

ಕೊನೆಯದಾಗಿ, ನೀವು ಆರ್‌ಬಿಟಿ. ಪ್ಲ್ಯಾನ್ ಬದಲಿಸುವ ಅಧಿಕಾರ ನಿಮ್ಮದಲ್ಲ, ಸೂಪರ್‌ವೈಸರದು. ಅವರಿಗೆ ತಿಳಿಸದೆ ಅಜ್ಜಿಗೆ ‘ಎತ್ತಿಕೊಳ್ಳಿ ಪರವಾಗಿಲ್ಲ’ ಎಂದುಬಿಡಬೇಡಿ. ಹೊಸ ಸಂಹಿತೆಯ 1.07ನೇ ನಿಯಮ, ಬೇರೆ ಬೇರೆ ಹಿನ್ನೆಲೆಯ ಜನರ ಅಗತ್ಯಗಳನ್ನು ಕಲಿಯುವುದು, ತಮ್ಮ ಪೂರ್ವಗ್ರಹಗಳನ್ನು ತಾವೇ ಪರೀಕ್ಷಿಸಿಕೊಳ್ಳುವುದು ವರ್ತನಾ ವಿಶ್ಲೇಷಕರ, ಅಂದರೆ ನಿಮ್ಮ ಸೂಪರ್‌ವೈಸರ್‌ನಂಥವರ, ಕರ್ತವ್ಯ ಎನ್ನುತ್ತದೆ. ಆದ್ದರಿಂದ ನೀವು ಕೇಳುತ್ತಿರುವುದು ಉಪಕಾರವಲ್ಲ. ಬರುವ ವಾರ ಐದು ಸಲ ಅಜ್ಜಿ ಎತ್ತಿಕೊಂಡದ್ದನ್ನು, ಹುಡುಗನದ್ದನ್ನು ಬರೆಯುವಂತೆಯೇ ಬರೆಯಿರಿ: ಗಂಟೆ ಎಷ್ಟು, ಮನೆಯಲ್ಲಿ ಯಾರಿದ್ದರು, ಯಾರು ಮಲಗಿದ್ದರು, ಎತ್ತಿಕೊಂಡ ಮೇಲೆ ಮನೆಯಲ್ಲಿ ಏನು ಬದಲಾಯಿತು. ಆ ಹಾಳೆಯನ್ನು ಸೂಪರ್‌ವೈಸರ್ ಮುಂದಿಟ್ಟು, ಅನುವಾದಕರೊಡನೆ ಒಂದು ಗಂಟೆಯ ಭೇಟಿ ಕೇಳಿ. ಆ ಭೇಟಿಯಲ್ಲಿ ಅಜ್ಜಿಗೂ ಒಂದು ಕುರ್ಚಿ ಇರಲಿ. ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ, ಬಹುವಚನದಲ್ಲಿ.